ಬೆಂಗಳೂರಿಗೆ ಅಂತ ಸ್ವಂತ ಹಬ್ಬ ಯಾವುದು? ಅವ್ವ ಬರುತ್ತಿದ್ದಾಳೆ, ಏನು ತೋರಿಸಲಿ?

ಹಾವೇರಿ ಹುಡುಗ
ನಮಸ್ಕಾರ ಎಲ್ಲರಿಗೂ. ಆಫೀಸಿನಲ್ಲಿ ಊಟದ ಹೊತ್ತಿಗೆ ಶುರುವಾದ ಜಗಳ ಇದು, ನನ್ನಿಂದ ಬಗೆಹರಿಯಲಿಲ್ಲ. ಪುಣೆಯವನು "ಗಣಪತಿ ನಮ್ಮದು" ಅಂದ. ಕೋಲ್ಕತ್ತಾದವಳು "ದುರ್ಗಾ ಪೂಜೆ ನಮ್ಮದು" ಅಂದಳು. ಮೈಸೂರಿನವನು ದಸರಾ ಇದೆ ಅಂತ ಮೊದಲೇ ಮೀಸೆ ತಿರುವುತ್ತಿದ್ದ. ಕೊನೆಗೆ ಮೂವರೂ ಸೇರಿ "ಬೆಂಗಳೂರಿಗೆ ಏನಿದೆ? ಇಲ್ಲಿನ ಹಬ್ಬವೆಲ್ಲ ಹೊರಗಿನಿಂದ ಬಂದವರು ತಂದಿದ್ದೇ" ಅಂತ ತೀರ್ಪು ಕೊಟ್ಟರು. ಕನ್ನಡದವನು ಅಂತ ನನ್ನ ಮುಖ ನೋಡಿದರು. ನಾನು ಹಾವೇರಿಯವನು, ನಮ್ಮ ಕಡೆ ತೇರು ಎಳೆದು ಉತ್ತತ್ತಿ ಎಸೆಯುವುದು ಗೊತ್ತು. ಇಲ್ಲಿಯದು ಏನು ಅಂತ ನನಗೂ ಸರಿಯಾಗಿ ಗೊತ್ತಿಲ್ಲ.

ಇನ್ನೊಂದು ವಿಷಯ. ಯುಗಾದಿ ಮುಗಿಸಿಕೊಂಡು ಅವ್ವ ಬರುತ್ತಾಳೆ, ಒಂದು ತಿಂಗಳು ಇರುತ್ತಾಳೆ. ಮಾಲ್, ಲಾಲ್‌ಬಾಗ್ ಎಲ್ಲ ಹೋದ ಸಲವೇ ಆಯಿತು. ಈ ಊರಿನದೇ ಅನ್ನುವಂಥ ಹಬ್ಬ ಒಂದು ತೋರಿಸಬೇಕು. ಯಾವುದಕ್ಕೆ ಕರೆದುಕೊಂಡು ಹೋಗಲಿ?

ಬಸವನಗುಡಿ ಬಾಯಿ
ಇದು ಕೇಳುವ ಪ್ರಶ್ನೆನಾ? ಕಡಲೆಕಾಯಿ ಪರಿಷೆ. ಮುಗೀತು.

ಸುಮ್ನೆ ಓದುವವ
ಅವ್ವ ಬರುವುದು ಯುಗಾದಿಗೆ, ಪರಿಷೆ ಇರುವುದು ಕಾರ್ತಿಕದ ಕೊನೆ ಸೋಮವಾರ. ಅಲ್ಲಿಯವರೆಗೆ ಅವರನ್ನು ಇಲ್ಲೇ ಇಟ್ಟುಕೊಳ್ಳಬೇಕಾ?

ಬಸವನಗುಡಿ ಬಾಯಿ
ಇಟ್ಟುಕೊಳ್ಳಲಿ, ಮಗನಲ್ವಾ 😄

ತಮಾಷೆ ಬಿಡಿ. ಅವರು ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರ ಪರಿಷೆಯೇ. ನಮ್ಮ ಬಸವನಗುಡಿ ಇರುವಲ್ಲಿ ಹಿಂದೆ ಸುಂಕೇನಹಳ್ಳಿ ಅಂತ ಊರಿತ್ತು. ಹೊಲದಲ್ಲಿ ಬೆಳೆದ ಕಡಲೆಕಾಯಿಯನ್ನು ಬಸವ ಬಂದು ಮೇಯುತ್ತಿದ್ದ, ಬೆಳೆ ಉಳಿಸಪ್ಪಾ ಅಂತ ರೈತರು ಮೊದಲ ಫಸಲು ತಂದು ಒಪ್ಪಿಸಿದರು ಅಂತ ಕಥೆ. ಈಗ ಊರು ಹೋಯಿತು, ಹೊಲ ಹೋಯಿತು, ಆ ಜಾಗದಲ್ಲಿ ಸೈಟಿನ ರೇಟು ಕೇಳಿದರೆ ಬಸವನೂ ಎದ್ದು ಹೋಗುತ್ತಾನೆ. ಆದರೆ ಕಡಲೆಕಾಯಿ ಬರುವುದು ಮಾತ್ರ ನಿಂತಿಲ್ಲ. ಕೋಲಾರ, ಚಿಂತಾಮಣಿ, ಮಾಗಡಿ, ತುಮಕೂರು, ಆಚೆ ಆಂಧ್ರ, ತಮಿಳುನಾಡಿನಿಂದಲೂ ಮೂಟೆ ಬಂದು ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ರಾಶಿ ಬೀಳುತ್ತದೆ. ಹೊರಗಿನಿಂದ ಬಂದವರು ತಂದಿದ್ದು ಅಂದರಲ್ಲ, ಇದನ್ನು ಯಾರು ತಂದರು ಅಂತ ನಿಮ್ಮ ಪುಣೆಯವರನ್ನು ಕೇಳಿ.

ಲೆಕ್ಕದ ಮೇಷ್ಟ್ರು
ಕೇಳಿದರೆ ಹೇಳುತ್ತಾರೆ, ಕಡಲೆಕಾಯಿಯೇ ದಕ್ಷಿಣ ಅಮೆರಿಕದಿಂದ ಬಂದದ್ದು ಅಂತ. ಪೋರ್ಚುಗೀಸರ ಕಾಲಕ್ಕೆ ಮೊದಲು ಇಲ್ಲಿ ಯಾವ ಬಸವನೂ ಕಡಲೆಕಾಯಿ ಮೇಯಲಿಲ್ಲ.

ಬಸವನಗುಡಿ ಬಾಯಿ
ಮೇಷ್ಟ್ರೇ, ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು. ನಾಳೆಯಿಂದ ಸಾರಿಗೆ ಹಾಕಬೇಡಿ.

ಪೇಟೆ ಮನುಷ್ಯ
ಕರಗ ಅಂತ ಯಾರೂ ಹೇಳಲಿಲ್ಲವಲ್ಲ, ಆಶ್ಚರ್ಯ ಆಯಿತು. ಹಾವೇರಿ ಅಣ್ಣ, ನಿಮ್ಮ ಎರಡೂ ಪ್ರಶ್ನೆಗೆ ಒಂದೇ ಉತ್ತರ. ಚೈತ್ರ ಹುಣ್ಣಿಮೆ ರಾತ್ರಿ, ಅಂದರೆ ಯುಗಾದಿ ಆಗಿ ಹದಿನೈದು ದಿನಕ್ಕೆ. ಅವ್ವ ಊರಲ್ಲೇ ಇರುತ್ತಾರೆ.

ನಾನು ಹುಟ್ಟಿ ಬೆಳೆದದ್ದು ತಿಗಳರಪೇಟೆ ಪಕ್ಕದಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಧರ್ಮರಾಯಸ್ವಾಮಿ ಗುಡಿಯಲ್ಲಿ ಪಾಂಡವರು, ದ್ರೌಪದಿ. ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ಆದಿಶಕ್ತಿಯಾಗಿ ವೀರಕುಮಾರರನ್ನು ಸೃಷ್ಟಿ ಮಾಡಿದಳು, ಹೋಗುವಾಗ ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟಳು, ಆ ಬರುವಿಕೆಯೇ ಕರಗ. ನಡೆಸುವವರು ತಿಗಳ ಸಮುದಾಯದವರು. ಕರಗ ಹೊರುವ ಪೂಜಾರಿ ಗಂಡಸು, ಆದರೆ ಆ ರಾತ್ರಿ ಬಳೆ ತೊಟ್ಟು, ತಾಳಿ ಕಟ್ಟಿಕೊಂಡು, ಮದುಮಗಳ ಅಲಂಕಾರದಲ್ಲಿ ಬರುತ್ತಾರೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ, ಅದೇ ಕರಗ. ಕೈಯಲ್ಲಿ ಹಿಡಿಯುವ ಹಾಗಿಲ್ಲ. ಸುತ್ತ ವೀರಕುಮಾರರು ಬಿಚ್ಚುಗತ್ತಿ ಹಿಡಿದು "ಗೋವಿಂದಾ ಗೋವಿಂದಾ" ಅಂತ ಓಡುತ್ತಾರೆ. ಕರಗ ಬಿದ್ದರೆ ಹೊತ್ತವನನ್ನು ಕಡಿಯಬೇಕು ಅನ್ನುವ ಮಾತು ಹಳಬರ ಬಾಯಲ್ಲಿ ಈಗಲೂ ಇದೆ.

ಗುಡಿಯಿಂದ ಹೊರಡುವಾಗ ಮಧ್ಯರಾತ್ರಿ ದಾಟಿರುತ್ತದೆ. ಬೆಳಗಿನ ತನಕ ಪೇಟೆ ಬೀದಿಗಳಲ್ಲಿ ಸುತ್ತುತ್ತದೆ. ಇಡೀ ರಾತ್ರಿ ಅಂಗಡಿಯವರು ಪಾನಕ, ಮಜ್ಜಿಗೆ ಹಂಚುತ್ತಾರೆ. ಕರಗ ನಮ್ಮ ಬೀದಿಗೆ ತಿರುಗಿದ್ದು ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗುತ್ತದೆ. ಮಹಡಿ ಮೇಲಿನವರು ಬೊಗಸೆ ಬೊಗಸೆ ಮಲ್ಲಿಗೆ ಎರಚುತ್ತಾರೆ, ಕತ್ತಲಲ್ಲಿ ಮೊದಲು ವಾಸನೆ, ಆಮೇಲೆ ಗೆಜ್ಜೆ, ಆಮೇಲೆ ಜನರ ನೂಕಾಟ. ಕರಗ ನಿಮ್ಮ ಮುಂದೆ ಇರುವುದು ಅರ್ಧ ನಿಮಿಷ. ಅಷ್ಟಕ್ಕೆ ರಾತ್ರಿಯೆಲ್ಲ ಕಾಯುತ್ತೇವೆ.

ಹಾವೇರಿ ಹುಡುಗ
ಓದಿ ಮೈ ಜುಂ ಅಂತು. ಆದರೆ ಅವ್ವನಿಗೆ ಮೊಣಕಾಲು ನೋವು, ರಾತ್ರಿಯೆಲ್ಲ ನಿಲ್ಲಲು ಆಗುವುದಿಲ್ಲ. ಕೂತು ನೋಡುವ ಜಾಗ ಇದೆಯಾ?

ಪೇಟೆ ಮನುಷ್ಯ
ಗುಡಿ ಹತ್ತಿರ ಬೇಡವೇ ಬೇಡ. ಅಲ್ಲಿ ನಾವೇ ಒದ್ದಾಡುತ್ತೇವೆ. ಬೆಳಗಿನ ಜಾವ ಗುಡಿಗೆ ವಾಪಸಾಗುವ ಮುಂಚೆ ದಾರಿಯಲ್ಲಿ ಎಲ್ಲಾದರೂ ಅಂಗಡಿ ಕಟ್ಟೆ ನೋಡಿಕೊಳ್ಳಿ, ಜನ ಕಡಿಮೆ ಇರುತ್ತಾರೆ. ಇಲ್ಲ ಅಂದರೆ ಇನ್ನೊಂದು ದಾರಿ. ಎರಡು ದಿನ ಮುಂಚೆ ಹಸಿ ಕರಗ ಇರುತ್ತದೆ. ಕಂಠೀರವ ಸ್ಟೇಡಿಯಂ ಹತ್ತಿರ ಇರುವ ಸಂಪಂಗಿ ಕೆರೆಯಿಂದ ಹೊರಡುತ್ತದೆ. ಹೊರಗಿನವರು ಅಷ್ಟಾಗಿ ಬರುವುದಿಲ್ಲ.

ಕೋಲಾರದ ಕೂಸು
ಸಂಪಂಗಿ ಕೆರೆನಾ? ಸ್ಟೇಡಿಯಂ ಹತ್ತಿರ ಕೆರೆ ಎಲ್ಲಿದೆ?

ಪೇಟೆ ಮನುಷ್ಯ
ಅದೇ ಹೊಟ್ಟೆ ಉರಿ. ಆ ಸ್ಟೇಡಿಯಂ ಇರುವುದೇ ಕೆರೆಯ ಹೊಟ್ಟೆ ಮೇಲೆ. ದೊಡ್ಡ ಕೆರೆಯಲ್ಲಿ ಈಗ ಒಂದು ಚಿಕ್ಕ ಹೊಂಡ ಉಳಿದಿದೆ. ತಿಗಳರು ಅಂದರೆ ತೋಟಗಾರರು. ಹೂವು, ತರಕಾರಿ, ಸೊಪ್ಪು ಬೆಳೆಯುತ್ತಿದ್ದವರು. ಊರಿನ ಕೆರೆ ನೀರು ನಂಬಿ ಬದುಕಿದವರು. ಕರಗ ನೀರಿಲ್ಲದೆ ಆಗುವುದಿಲ್ಲ, ಕೆರೆ ಹತ್ತಿರವೇ ಶುರುವಾಗಬೇಕು. ಕೆರೆಯನ್ನು ಆಟದ ಮೈದಾನ ಮಾಡಿದರೂ ಅದೇ ಜಾಗಕ್ಕೆ ಪ್ರತಿ ವರ್ಷ ಹೋಗುತ್ತಾರೆ. ಕರಗದ ದಾರಿಯಲ್ಲಿ ನಡೆದರೆ ಹಳೇ ಬೆಂಗಳೂರಿನ ನಕ್ಷೆ ಸಿಗುತ್ತದೆ ಅಂತ ಹೇಳುವುದು ಇದಕ್ಕೇ.

ಕೋಲಾರದ ಕೂಸು
ಸರಿ ಒಪ್ಪಿದೆ. ಆದರೆ ಕರಗ ಬೆಂಗಳೂರಿನದು ಮಾತ್ರ ಅನ್ನಬೇಡಿ. ನಮ್ಮ ಕೋಲಾರದಲ್ಲೂ ಇದೆ, ಹೊಸಕೋಟೆ, ಆನೇಕಲ್‌ನಲ್ಲೂ ಇದೆ. ನಮ್ಮಲ್ಲಿ ಟ್ರಾಫಿಕ್ ಇಲ್ಲದೆ ಆರಾಮಾಗಿ ನೋಡಬಹುದು.

ನಿದ್ದೆಗೆಟ್ಟವ
ಈ ಊರಿನ ಸ್ವಂತ ಹಬ್ಬ ಯಾವುದು ಅಂತ ನಾನು ಹೇಳುತ್ತೇನೆ. ಡಿಜೆ. ಗಣೇಶನಿಗೂ ಅದೇ, ಅಣ್ಣಮ್ಮನಿಗೂ ಅದೇ, ರಾಜ್ಯೋತ್ಸವಕ್ಕೂ ಅದೇ. ನಮ್ಮ ಬೀದಿಯಲ್ಲಿ ಗಣೇಶನನ್ನು ಮೂರು ದಿನಕ್ಕೆ ಬಿಡುತ್ತೇವೆ ಅಂತ ಚಂದಾ ತೆಗೆದುಕೊಂಡು ಹೋದರು. ಹನ್ನೊಂದನೇ ದಿನವೂ ಕಿಟಕಿ ಗಾಜು ಅದುರುತ್ತಿತ್ತು.

ಆಟೋ ಸ್ಟ್ಯಾಂಡ್ ಅಧ್ಯಕ್ಷ
ಗುರು, ವರ್ಷಕ್ಕೊಂದು ಸಲ. ಅಷ್ಟಕ್ಕೂ ಅಡ್ಜಸ್ಟ್ ಮಾಡಿಕೊಳ್ಳಲು ಆಗಲ್ವಾ?

ನಿದ್ದೆಗೆಟ್ಟವ
ವರ್ಷಕ್ಕೊಂದು ಸಲ ಅಂತ ಪ್ರತಿಯೊಬ್ಬರೂ ಹೇಳುತ್ತಾರೆ. ಎಲ್ಲರ ಒಂದೊಂದು ಸಲ ಸೇರಿಸಿದರೆ ನನ್ನ ವರ್ಷ ಪೂರ್ತಿ ಆಗುತ್ತದೆ.

ಲೆಕ್ಕದ ಮೇಷ್ಟ್ರು
ನಿಯಮ ಸ್ಪಷ್ಟ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ರಾತ್ರಿ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್. 112ಕ್ಕೆ ಫೋನ್ ಮಾಡಿ.

ನಿದ್ದೆಗೆಟ್ಟವ
ಮಾಡಿದ್ದೆ. ಗಾಡಿ ಬಂತು, ಸೌಂಡ್ ಇಳಿಯಿತು. ಗಾಡಿ ಹೋಯಿತು, ಸೌಂಡ್ ಏರಿತು. ಮಾರನೇ ದಿನ ಪ್ರಸಾದ ಕೊಡಲು ಬಂದ ಹುಡುಗರು ನನ್ನನ್ನೇ ನೋಡಿ ನಗುತ್ತಿದ್ದರು. ಪ್ರಸಾದದ ಪುಳಿಯೋಗರೆ ಮಾತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಮಲ್ಲಿಗೆ ಮೊಗ್ಗು
ಬರೀ ಗಲಾಟೆ ಅನ್ನುವವರಿಗೆ ಒಂದು ಮಾತು. ಗಣೇಶನ ಹಬ್ಬಕ್ಕೆ ಸಂಗೀತ ಕೇಳಿಸಿದ ಊರೂ ಇದೇ. ಬಸವನಗುಡಿಯಲ್ಲಿ 1962ರಿಂದ ಬೆಂಗಳೂರು ಗಣೇಶ ಉತ್ಸವ ನಡೆಯುತ್ತಿದೆ. ಎಪಿಎಸ್ ಕಾಲೇಜು ಮೈದಾನದಲ್ಲಿ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಎಷ್ಟೋ ಗಾಯಕರನ್ನು ಕೇಳಿದ್ದೇನೆ.

ಮತ್ತೆ ಹಾವೇರಿಯವರೇ, ಅಮ್ಮನಿಗೆ ಮೊಣಕಾಲು ನೋವು ಅಂದಿರಿ ಅಲ್ವಾ? ಹಾಗಾದರೆ ರಾಮನವಮಿ. ಕರಗಕ್ಕೂ ಮುಂಚೆಯೇ ಬರುತ್ತದೆ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು ಪೆಂಡಾಲ್ ಹಾಕುತ್ತಾರೆ. 1939ರಲ್ಲಿ ಶುರುವಾದದ್ದು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ವೇದಿಕೆ. ಕುರ್ಚಿ ಇರುತ್ತದೆ, ಫ್ಯಾನ್ ಇರುತ್ತದೆ. ಟಿಕೆಟ್ ತೆಗೆಯದವರು ಹೊರಗೆ ಫುಟ್‌ಪಾತ್‌ನಲ್ಲಿ ನಿಂತು ಕೇಳುವುದೂ ಒಂದು ಹಳೇ ಅಭ್ಯಾಸ. ಹಬ್ಬದ ದಿನ ಚಾಮರಾಜಪೇಟೆಯ ಯಾವ ಅಡ್ಡರಸ್ತೆಗೆ ಹೋದರೂ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬೇಡ ಅಂದರೂ ಕೈಗೆ ದೊನ್ನೆ ಇಡುತ್ತಾರೆ.

ಹಾವೇರಿ ಹುಡುಗ
ಅವ್ವ ಹಾಡು ಕೇಳುತ್ತಾಳೆ, ಆದರೆ ಭಜನೆ, ವಚನ. ಕಛೇರಿ ಹಿಡಿಸುತ್ತದೋ ಇಲ್ಲವೋ. ಪಾನಕ ಅಂದರೆ ಬಂದೇ ಬರುತ್ತಾಳೆ.

ಶಿವಾಜಿನಗರ ಎಕ್ಸ್‌ಪ್ರೆಸ್
ಎಲ್ಲರೂ ಪೇಟೆ, ಬಸವನಗುಡಿ, ಚಾಮರಾಜಪೇಟೆ ಅಷ್ಟರಲ್ಲೇ ತಿರುಗುತ್ತಿದ್ದೀರಿ. ಕಂಟೋನ್ಮೆಂಟ್ ಬೆಂಗಳೂರು ಅಲ್ವಾ? ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಹಬ್ಬಕ್ಕೆ ಬಂದು ನೋಡಿ. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ತೇರು. ಮಾತೆಗೆ ಸೀರೆ ಉಡಿಸಿರುತ್ತಾರೆ. ಅಷ್ಟು ದಿನ ಕಾವಿ ಬಣ್ಣದ ಸೀರೆ, ಪಂಚೆ ಉಟ್ಟ ಭಕ್ತರು ಬೀದಿ ತುಂಬ. ಕಾವಿ ನೋಡಿ ಯಾವುದೋ ಮಠದ ಕಾರ್ಯಕ್ರಮ ಅಂತ ನನ್ನ ಫ್ರೆಂಡ್ ಒಬ್ಬ ಒಳಗೇ ಬಂದುಬಿಟ್ಟಿದ್ದ. ನಮ್ಮ ಬೀದಿಯಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಅರ್ಧ ಜನ ಹಿಂದೂಗಳು, ಹರಕೆ ಹೊತ್ತವರು. ಕೂಸಿಗೆ ಹುಷಾರಿಲ್ಲ ಅಂದರೆ ಯಾವ ತಾಯಿ ಅಂತ ಯಾರೂ ಕೇಳುವುದಿಲ್ಲ.

ಕಾಕ್ಸ್‌ಟೌನ್ ಕಾಕಾ
ಸೆಪ್ಟೆಂಬರ್‌ನಲ್ಲಿ ಆ ಕಡೆ ಗಾಡಿ ತೆಗೆದುಕೊಂಡು ಹೋಗಬೇಡಿ ಅಂತಲೂ ಹೇಳಿ ಭಾಯ್.

ನಮ್ಮ ಕಡೆಯಿಂದ ರಂಜಾನ್ ಸಂಜೆಗಳನ್ನೂ ಪಟ್ಟಿಗೆ ಸೇರಿಸಿ. ಮಾಸ್ಕ್ ರೋಡಿನಲ್ಲಿ ಇಫ್ತಾರ್ ಆದ ಮೇಲೆ ಹಲೀಮ್, ಸಮೋಸ, ಕಲ್ಲಿನ ಮೇಲೆ ಸುಡುವ ಪತ್ತರ್ ಕಾ ಗೋಷ್ತ್. ಊರಿನ ಎಲ್ಲ ಮೂಲೆಯಿಂದ ಜನ ಬರುತ್ತಾರೆ. ಬಂದವರ ಗಾಡಿ ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತದೆ, ಅದಕ್ಕೆ ನಮ್ಮ ಏರಿಯಾದವರೇ ದೂರು ಕೊಡುತ್ತಾರೆ. ನಿದ್ದೆಗೆಟ್ಟವರ ಕಷ್ಟ ನನಗೆ ಅರ್ಥ ಆಗುತ್ತದೆ.

ಪೇಟೆ ಮನುಷ್ಯ
ಕಾಕಾ ಬಂದದ್ದು ಒಳ್ಳೆಯದಾಯಿತು, ಮುಖ್ಯ ವಿಷಯ ಒಂದು ಬಿಟ್ಟಿದ್ದೆ. ಕರಗ ಆ ರಾತ್ರಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಒಳಗೆ ಸುತ್ತು ಹಾಕಿ, ಪೂಜೆ ತೆಗೆದುಕೊಂಡೇ ಮುಂದೆ ಹೋಗುವುದು.

ಜಾಗೃತ ನಾಗರಿಕ
ಅದು ನಡುವೆ ಸೇರಿಸಿದ್ದು. ನಮ್ಮ ಸಂಪ್ರದಾಯದಲ್ಲಿ ಅದೆಲ್ಲ ಇಲ್ಲ. ನಿಲ್ಲಿಸಬೇಕು.

ಪೇಟೆ ಮನುಷ್ಯ
ಸಂಪ್ರದಾಯ ಯಾರದು ಸ್ವಾಮಿ? ಹೊರುವವರದಾ, ಫೋನಿನಲ್ಲಿ ನೋಡುವವರದಾ? 2022ರಲ್ಲಿ ಹೀಗೇ ಕೆಲವರು ದರ್ಗಾಕ್ಕೆ ಹೋಗಬಾರದು ಅಂತ ಎದ್ದರು. ಗುಡಿಯವರು ಹಿಂದಿನಿಂದ ಬಂದದ್ದು ಬಿಡುವುದಿಲ್ಲ ಅಂದರು. ಕರಗ ಹೋಯಿತು. ನೀವು ಆ ರಾತ್ರಿ ಎಲ್ಲಿದ್ದಿರಿ?

ಜಾಗೃತ ನಾಗರಿಕ
ಅದು ಇಲ್ಲಿ ಮುಖ್ಯ ಅಲ್ಲ.

ಸುಮ್ನೆ ಓದುವವ
ಅಂದರೆ ಮನೆಯಲ್ಲಿ.

ಕಾಕ್ಸ್‌ಟೌನ್ ಕಾಕಾ
ನಮ್ಮ ಮಾಮು ಕಾಟನ್‌ಪೇಟೆಯವರು. ಕರಗದ ದಿನ ಅವರ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಬರುವ ಹೊತ್ತಿಗೆ ಬಾಗಿಲ ಮುಂದೆ ನೀರು ಹಾಕಿ ತೊಳೆಯುತ್ತಾರೆ. ಕೊರೊನಾ ಕಾಲದಲ್ಲಿ ಮೆರವಣಿಗೆ ನಿಲ್ಲಿಸಿ ಗುಡಿ ಒಳಗೇ ಮುಗಿಸಿದರಲ್ಲ, ಆಗ ಮಾಮು ಎಷ್ಟು ಬೇಜಾರು ಮಾಡಿಕೊಂಡಿದ್ದರು ಅಂದರೆ, ಅವರ ಈದ್ ತಪ್ಪಿಹೋದಾಗಲೂ ಅಷ್ಟು ಮಾಡಿಕೊಂಡಿರಲಿಲ್ಲ.

ಆಟೋ ಸ್ಟ್ಯಾಂಡ್ ಅಧ್ಯಕ್ಷ
ಯಾರೂ ಅಣ್ಣಮ್ಮನ ಬಗ್ಗೆ ಸರಿಯಾಗಿ ಹೇಳಲಿಲ್ಲ. ನಿದ್ದೆಗೆಟ್ಟವರು ಬೈದಿದ್ದು ಬಿಟ್ಟರೆ. ಮೆಜೆಸ್ಟಿಕ್ ಹತ್ತಿರದ ಅಣ್ಣಮ್ಮ ಊರದೇವತೆ. ಬೇರೆ ದೇವರ ಹತ್ತಿರ ನಾವು ಹೋಗಬೇಕು, ಅಣ್ಣಮ್ಮ ನಮ್ಮ ಬೀದಿಗೇ ಬರುತ್ತಾಳೆ. ಏರಿಯಾದವರು ದುಡ್ಡು ಹಾಕಿ, ಉತ್ಸವಮೂರ್ತಿ ಕರೆದುಕೊಂಡು ಬಂದು, ಹೂವಿನ ಅಲಂಕಾರ, ಸೀರಿಯಲ್ ಸೆಟ್, ಅನ್ನದಾನ, ರಾತ್ರಿ ಆರ್ಕೆಸ್ಟ್ರಾ. ಕೂಲಿಯವರು, ಆಟೋದವರು, ತರಕಾರಿ ಗಾಡಿಯವರು ಮಾಡುವ ಹಬ್ಬ. ಪೇಪರಿನಲ್ಲಿ ಫೋಟೊ ಬರುವುದಿಲ್ಲ, ಅದಕ್ಕೇ ನಿಮಗೆ ಗೊತ್ತಿಲ್ಲ.

ಮತ್ತೆ ರಾಜ್ಯೋತ್ಸವ. ನವೆಂಬರ್ 1 ಒಂದು ದಿನ ಅಂತ ಕ್ಯಾಲೆಂಡರ್ ಹೇಳುತ್ತದೆ. ನಮ್ಮ ಸ್ಟ್ಯಾಂಡುಗಳಲ್ಲಿ ತಿಂಗಳು ಪೂರ್ತಿ. ಭುವನೇಶ್ವರಿ ಫೋಟೊ, ಪಕ್ಕದಲ್ಲಿ ಅಣ್ಣಾವ್ರ ಫೋಟೊ, ಹಳದಿ ಕೆಂಪು ಬಾವುಟ, ಬಂದವರಿಗೆಲ್ಲ ಕೇಸರಿಬಾತ್. ಬೇರೆ ಯಾವ ಊರಲ್ಲಿ ಆಟೋದವರು ರಾಜ್ಯದ ಹುಟ್ಟುಹಬ್ಬ ಇಷ್ಟು ದಿನ ಮಾಡುತ್ತಾರೆ ಹೇಳಿ?

ಲೆಕ್ಕದ ಮೇಷ್ಟ್ರು
ಆ ತಿಂಗಳಾದರೂ ಮೀಟರ್ ಹಾಕಿದರೆ ನಾವೂ ಆಚರಿಸುತ್ತಿದ್ದೆವು.

ಆಟೋ ಸ್ಟ್ಯಾಂಡ್ ಅಧ್ಯಕ್ಷ
ಬಂತಪ್ಪ, ಇದು ಬರಲೇಬೇಕಿತ್ತು.

ಮಲ್ಲಿಗೆ ಮೊಗ್ಗು
ಅಧ್ಯಕ್ಷರು ಹೇಳಿದ್ದು ನಿಜ. ಅಮ್ಮನ ದೇವರುಗಳನ್ನು ನಾವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಹಾಕಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅದೇ ಹೊತ್ತಿಗೆ ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು. ಕಾಯಿಲೆ ಹೋಯಿತು, ಅಮ್ಮ ಉಳಿದಳು, ಪೂಜೆ ಇವತ್ತಿಗೂ ನಡೆಯುತ್ತದೆ. ನಮ್ಮ ಅಜ್ಜಿ ಆ ಗುಡಿ ಮುಂದೆ ಹೋಗುವಾಗ ಪ್ಲೇಗ್ ಅನ್ನುವ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲ, ಬರೀ "ಅಮ್ಮ" ಅನ್ನುತ್ತಿದ್ದರು.

ಬೈಕ್ ಬಸ್ಯಾ
ಆಯುಧ ಪೂಜೆ ಮರೆತಿರಾ? ರಸ್ತೆ ನಡುವೆ ಬೂದುಗುಂಬಳ ಒಡೆದು, ಒಳಗೆ ಕುಂಕುಮ ಸುರಿದು ಬಿಟ್ಟು ಹೋಗುತ್ತಾರೆ. ಕುಂಬಳಕಾಯಿ ಮೇಲೆ ಜಾರಿ ಬಿದ್ದು ಹಲ್ಲು ಮುರಿದುಕೊಂಡ ನನ್ನಂಥವರ ಹಬ್ಬ ಅದು.

ಕೋಲಾರದ ಕೂಸು
ಅಯ್ಯೋ, ಹಲ್ಲು ಕಟ್ಟಿಸಿಕೊಂಡಿರಾ?

ಬೈಕ್ ಬಸ್ಯಾ
ಕಟ್ಟಿಸಿಕೊಂಡೆ. ಆ ದಿನವೇ ಬೈಕಿಗೆ ಪೂಜೆ ಮಾಡಿಸಿ ಬರುತ್ತಿದ್ದೆ ಅನ್ನುವುದೇ ತಮಾಷೆ.

ಸುಮ್ನೆ ಓದುವವ
ಮಾರ್ಕೆಟ್ ಹತ್ತಿರ ಹಬ್ಬದ ಮಾರನೇ ದಿನ ಹೋಗಿ. ಬಾಳೆಕಂಬ, ಮಾವಿನ ಸೊಪ್ಪು, ಕೊಳೆತ ಸೇವಂತಿಗೆ ಮೊಣಕಾಲೆತ್ತರ. ಪೌರಕಾರ್ಮಿಕರಿಗೆ ರಜೆ ಇಲ್ಲದ ಹಬ್ಬ ಯಾವುದು ಅಂದರೆ ಎಲ್ಲವೂ.

ಮಲ್ಲಿಗೆ ಮೊಗ್ಗು
ಗಣೇಶನ ವಿಷಯದಲ್ಲಿ ಸ್ವಲ್ಪ ಸುಧಾರಿಸಿದೆ ಅಂತ ನನ್ನ ಅನಿಸಿಕೆ. ನಮ್ಮ ಬೀದಿಯಲ್ಲಿ ಪಿಒಪಿ ಮೂರ್ತಿ ತರುವವರೇ ಇಲ್ಲ. ನಾವು ಮಣ್ಣಿನ ಗಣಪನನ್ನು ಮನೆಯಲ್ಲೇ ಬಕೆಟ್‌ನಲ್ಲಿ ಬಿಡುತ್ತೇವೆ. ಮೊದಲ ಸಲ ಅತ್ತೆ ಒಪ್ಪಲಿಲ್ಲ, "ಬಚ್ಚಲ ಬಕೆಟ್ಟಾ?" ಅಂದರು. ಹೊಸ ಬಕೆಟ್ ತಂದು ಅರಿಶಿನ ಕುಂಕುಮ ಹಚ್ಚಿದ ಮೇಲೆ ಒಪ್ಪಿದರು. ರಾತ್ರಿ ಪೂರ್ತಿ ಅವರೇ ಎರಡು ಸಲ ಎದ್ದು, ಕರಗಿದನಾ ಅಂತ ಇಣುಕಿ ನೋಡಿದ್ದರು. ಆ ಮಣ್ಣು ಈಗ ದಾಸವಾಳದ ಕುಂಡದಲ್ಲಿದೆ.

ಲೆಕ್ಕದ ಮೇಷ್ಟ್ರು
ಸ್ಯಾಂಕಿ, ಹಲಸೂರು, ಯಡಿಯೂರು ಕೆರೆಗಳ ಪಕ್ಕ ಇದಕ್ಕೆ ಅಂತಲೇ ಕಲ್ಯಾಣಿಗಳಿವೆ. ಬೀದಿಗೆ ಟ್ಯಾಂಕರ್ ಕೂಡ ಬರುತ್ತದೆ. ಬಕೆಟ್ ಒಳ್ಳೆಯದೇ.

ವೈಟ್‌ಫೀಲ್ಡ್ ವಾಸಿ
ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಓಣಂ ಊಟ, ದುರ್ಗಾ ಪೂಜೆ, ಛಟ್, ದಾಂಡಿಯಾ ಎಲ್ಲ ಇದೆ. ಗೌರಿ ಹಬ್ಬಕ್ಕೆ ಮಾತ್ರ ಬಾಗಿನ ಕೊಡಲು ನನ್ನ ಹೆಂಡತಿಗೆ ಮುತ್ತೈದೆಯರೇ ಸಿಗಲಿಲ್ಲ. ಕೊನೆಗೆ ಪಕ್ಕದ ಮನೆ ಒಡಿಶಾದವರನ್ನು ಕರೆದು, ಮೊರದಲ್ಲಿ ಏನೇನಿದೆ ಅಂತ ಒಂದೊಂದಾಗಿ ಹೇಳಿ ಕೊಟ್ಟೆವು. ಮುಂದಿನ ವರ್ಷ ಆಕೆಯೇ "ನಿಮ್ಮ ಮೊರದ ಹಬ್ಬ ಯಾವಾಗ?" ಅಂತ ಕೇಳಿಕೊಂಡು ಬಂದಳು. ಸ್ವಂತದ್ದು, ಹೊರಗಿನದು ಅಂತ ಗೆರೆ ಎಳೆಯುವುದು ಸುಲಭ ಅಲ್ಲ ಮಾರಾಯರೇ.

ಬಸವನಗುಡಿ ಬಾಯಿ
ಗೆರೆ ಎಳೆಯಬೇಡಿ, ಸರಿ. ಆದರೆ ಬೇರೆಯವರ ಹಬ್ಬಕ್ಕೆಲ್ಲ ಲೈಕ್ ಒತ್ತಿ, ಪೇಟೆ ಕಡೆ ಕಾಲೇ ಇಡದೆ "ಬೆಂಗಳೂರಿಗೆ ಏನಿದೆ" ಅನ್ನುವವರಿಗೆ ಉತ್ತರ ಕೊಡಬೇಕಲ್ಲ. ಅವರಿಗೆ ಕಂಡಿರುವ ಊರು ಹೊರವರ್ತುಲ ರಸ್ತೆಯ ಆಚೆಗಿನದು. ಕರಗ ನನ್ನ ಪರಿಷೆಗಿಂತ ಹಳೆಯದು, ದೊಡ್ಡದು, ಇಷ್ಟನ್ನು ಒಪ್ಪುತ್ತೇನೆ. ಬಸವನ ಮುಂದೆ ಹೇಳುವುದಿಲ್ಲ.

ಹಾವೇರಿ ಹುಡುಗ
ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇನೆ: ರಾಮನವಮಿಗೆ ಚಾಮರಾಜಪೇಟೆ, ಪಾನಕ ಕುಡಿದು ಸ್ವಲ್ಪ ಹೊತ್ತು ಕಛೇರಿ. ಆಮೇಲೆ ಹಸಿ ಕರಗ. ಹುಣ್ಣಿಮೆ ರಾತ್ರಿ ಅವ್ವನನ್ನು ಮಲಗಿಸಿ, ಬೆಳಗಿನ ಜಾವ ಕರೆದುಕೊಂಡು ಬರುತ್ತೇನೆ. ಪುಣೆಯವನನ್ನೂ ಎಳೆದುಕೊಂಡು ಬರುವ ಯೋಚನೆ ಇದೆ. ಮೆಟ್ರೋ ಆ ಹೊತ್ತಿಗೆ ಸಿಗುತ್ತದಾ?

ಪೇಟೆ ಮನುಷ್ಯ
ಅಷ್ಟು ಬೇಗ ಇರುವುದಿಲ್ಲ. ಆಟೋದಲ್ಲಿ ಬಂದು, ಪೊಲೀಸರು ರಸ್ತೆಗೆ ಅಡ್ಡ ಇಟ್ಟ ಕಡೆ ಇಳಿದು ನಡೆಯಿರಿ. ವಾಪಸ್ ಹೋಗುವಾಗ ಮಾರ್ಕೆಟ್ ಇಲ್ಲವೇ ಚಿಕ್ಕಪೇಟೆ ಮೆಟ್ರೋ. ಚಪ್ಪಲಿ ಹಳೆಯದು ಹಾಕಿಕೊಂಡು ಬನ್ನಿ, ಕಳೆದುಹೋಗುವುದು ಗ್ಯಾರಂಟಿ.

ಆಟೋ ಸ್ಟ್ಯಾಂಡ್ ಅಧ್ಯಕ್ಷ
ಆಟೋ ಬೇಕಾದರೆ ಹೇಳಿ. ಅವ್ವನಿಗೆ ಮೀಟರ್ ಮೇಲೆ ಒಂದು ರೂಪಾಯಿ ಜಾಸ್ತಿ ಇಲ್ಲ. ಮೇಷ್ಟ್ರಿಗೆ ಡಬಲ್.

ಮಲ್ಲೇಶ್ವರ ಮಾಣಿ
ತಡವಾಗಿ ಬಂದೆ. ಕಡಲೆಕಾಯಿ ಪರಿಷೆ ಈಗ ನಮ್ಮ ಕಾಡುಮಲ್ಲೇಶ್ವರದಲ್ಲೂ ಆಗುತ್ತದೆ. ಜನ ಕಡಿಮೆ, ಕಾಯಿ ಚೆನ್ನಾಗಿರುತ್ತದೆ.

ಬಸವನಗುಡಿ ಬಾಯಿ
ನಿಮ್ಮದು ನಿನ್ನೆ ಮೊನ್ನೆ ಶುರುವಾದದ್ದು ಮಾಣಿ. ಮೊದಲು ಒಂದು ಬಸವನನ್ನು ಹುಡುಕಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಮಲ್ಲೇಶ್ವರ ಮಾಣಿ
ನಮ್ಮಲ್ಲಿ ನಂದೀಶ್ವರ ತೀರ್ಥ ಇದೆ ಮೇಡಂ, ನಂದಿ ಬಾಯಿಂದ ನೀರು ಬರುತ್ತದೆ. ನಿಮ್ಮ ಬಸವ ಏನು ಕೊಡುತ್ತಾನೆ?

ಬಸವನಗುಡಿ ಬಾಯಿ
ಕಡಲೆಕಾಯಿ!!